ಕಲ್ಮೇಶ್ವರನ ತೊಲೆ

ಹುಣಸೀಮಟ್ಟಿ, ಶಿಗ್ಗಾಂವಿ ತಾಲೂಕು
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಮಾಲತೇಶಣ್ಣಾ,

ನಿನ್ನ ತಂಗಿ ಶೈಲಶ್ರೀಯ ನಮಸ್ಕಾರ. ಸೊಂಟನೋವು ಹೇಗಿದೆ? ಅತ್ತಿಗೆ ತಂದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಬಾಟಲಿಯನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿಯುತ್ತೀಯೋ? ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಆದರೆ ಅಣ್ಣಾ, ನನಗೆ ಬಹಳ ಹೆದರಿಕೆಯಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ, ಅತ್ತೆಗಂತೂ ನಾಲ್ಕು.

ನಮ್ಮೂರ ಕಲ್ಮೇಶ್ವರ ಗುಡಿ ಸೋರುತ್ತದೆಂದು ಬರುವ ಸೋಮವಾರ, ಕಡೇ ಕಾರ್ತಿಕದ ದಿನ, ಮಾಳಿಗೆಯ ಮೇಲೆ ಆರಿಂಚು ಕಾಂಕ್ರೀಟು ಹಾಕುತ್ತಾರೆ. ಈ ವರ್ಷ ಗುಡಿಯ ಕಮಿಟಿಗೆ ನಮ್ಮ ಮನೆಯವರೇ ಹಿರಿಯರು. ಬೆಳಿಗ್ಗೆ ಒಳಗೆ ಅಭಿಷೇಕ. ಅದಾಗದೆ ಕೆಲಸ ಶುರುವಿಲ್ಲ. ಆಮೇಲೆ ಗಂಡಸರು ಮೇಲೆ ಬುಟ್ಟಿ ಹೊರುತ್ತಾರೆ, ಹೆಂಗಸರು ಕೆಳಗೆ ನವರಂಗದಲ್ಲಿ ಭಜನೆಗೆ ಕೂರಬೇಕು. ಅತ್ತೆ ಮತ್ತು ನನ್ನ ಮಗಳು ಶ್ವೇತಾ ಮುಂದಿನ ಸಾಲಿನಲ್ಲಿ.

ಅವರ ತಲೆಯ ಮೇಲಿನ ಕಲ್ಲಿನ ತೊಲೆಯೇ ಬಿರುಕು ಬಿಟ್ಟಿದೆ. ಗೌಂಡಿ ಕೆಲಸದಲ್ಲಿ ಅಪ್ಪ ಬಿರುಕಿನ ಮೇಲೆ ಸುಣ್ಣದ ಪಟ್ಟಿ ಎಳೆದು ಕಾಯುತ್ತಿದ್ದರಲ್ಲ, ಪಟ್ಟಿ ಒಡೆದರೆ ಕಲ್ಲು ಇನ್ನೂ ಸರಿಯುತ್ತಿದೆ ಎಂದು? ನಾನು ಸುಣ್ಣ ಹಚ್ಚಿದರೆ ಯಾಕೆಂದು ಊರೇ ಕೇಳೀತೆಂದು ವಿಭೂತಿ ಕಲಸಿ, ಏಣಿ ಹತ್ತಿ, ಮೂರು ಬೆರಳಲ್ಲಿ ಎಳೆದೆ. "ನಮ್ಮ ಸೊಸಿಗೆ ಎಂಥಾ ಭಕ್ತಿ ಬಂತ ನೋಡ್ರಿ" ಎಂದು ಅತ್ತೆಗೆ ಹಿಗ್ಗು. ಹನ್ನೊಂದನೇ ದಿನ ಮೂರೂ ಗೆರೆ ನಡುವೆ ಸೀಳಿದ್ದವು. ಒಣಗಿ ಬಿರಿಯಿತೇನೋ ಎಂದು ಇನ್ನೊಮ್ಮೆ ಎಳೆದೆ, ಪಕ್ಕದ ಗಟ್ಟಿ ಕಲ್ಲಿಗೂ ಎಳೆದೆ. ಗಟ್ಟಿ ಕಲ್ಲಿನದು ಹಾಗೇ ಇದೆ. ತೊಲೆಯದು ಐದೇ ದಿನಕ್ಕೆ ಹೋಯಿತು.

ಮನೆಯವರಿಗೆ ಹೇಳಿದೆ. "ಹಿರೇಕೆರೂರ ಕಡೆ ಗುಡಿಗೆ ನಿಮ್ಮಣ್ಣ ಸ್ಲ್ಯಾಬ್ ಹಾಕ್ಯಾನ, ನಿಂತೈತಿ. ಅದೂ ಕಲ್ಮೇಶ್ವರಂದ, ಇದೂ ಕಲ್ಮೇಶ್ವರಂದ. ದೇವರು ಒಬ್ಬನ ಅಲ್ಲೇನ? ಗೌಂಡಿ ಮಗಳಾದಕೂಡ್ಲೆ ನೀ ಗೌಂಡಿ ಆದಿ ಏನ?" ಎಂದರು.

ಅಪ್ಪ ನಮ್ಮನ್ನು ಸೈಕಲ್ಲಿನ ಹಿಂದೆ ಮುಂದೆ ಕೂರಿಸಿಕೊಂಡು ತೋರಿಸಿದ ಕಲ್ಮೇಶ್ವರ ಗುಡಿಗಳು ಎಷ್ಟು! ಹಾನಗಲ್ಲ ಕಡೆಯದರಲ್ಲಿ ಮುಖ ಕಾಣುವಷ್ಟು ನುಣುಪಾಗಿ ಕಡೆದ ಕರಿಗಲ್ಲಿನ ಕಂಬ, ಮೇಲೆ ತಾವರೆ. ಸವಣೂರ ಕಡೆಯದಕ್ಕೆ ಯಾರೋ ಆಮೇಲೆ ಗಾರೆಯ ಕಮಾನು ಕೊಟ್ಟಿದ್ದರು. ನೀನು ಸ್ಲ್ಯಾಬ್ ಹಾಕಿದ್ದು ಕುಳ್ಳ ಕಂಬಗಳ, ಎರಡು ಪದರ ಗೋಡೆಯ ಗುಡಿ. ನಮ್ಮೂರದು ಹಾಗಲ್ಲ ಅಣ್ಣಾ. ಎಂದೋ ಬಿದ್ದ ಎರಡು ಗುಡಿಗಳ ಕಂಬ ತಂದು ಜೋಡಿಸಿದ್ದಾರೆ. ಎತ್ತರ ಸಾಲದ ಕಡೆ ತೊಲೆಯ ಕೆಳಗೆ ಕಲ್ಲಿನ ಚೂರು ತುರುಕಿದ್ದಾರೆ. "ಹೆಸರು ಒಂದ, ಹೆಗಲು ಬ್ಯಾರೆ" ಎನ್ನುತ್ತಿದ್ದರು ಅಪ್ಪ.

ನನ್ನ ಮಾತಿಗೆ ಇಲ್ಲಿ ಕಾಸಿನ ಕಿಮ್ಮತ್ತಿಲ್ಲ. ನಿನ್ನ ಕೆಲಸವನ್ನೇ ಸಾಕ್ಷಿ ಮಾಡಿಕೊಂಡವರು ನಿನ್ನ ಮಾತನ್ನಾದರೂ ಕೇಳಿಯಾರು. ನೀನು ಬಂದು ತೊಲೆ ನೋಡಿ, ಎಲ್ಲರ ಎದುರಿಗೆ ಬೇಡ ಎಂದು ಹೇಳು. ನಿದ್ದೆ ಬಂದು ನಾಲ್ಕು ದಿನವಾಯಿತು. ಕಣ್ಣು ಮುಚ್ಚಿದರೆ ಶ್ವೇತಾ ತಾಳ ಹಿಡಿದು ಕೂತದ್ದೇ ಕಾಣುತ್ತದೆ.

ಅವ್ವನ ಪಾದಕ್ಕೆ ನಮಸ್ಕಾರ ತಿಳಿಸು. ಅತ್ತಿಗೆಗೆ ಹುಣಸೆಹಣ್ಣು ಕಳಿಸಿದ್ದೇನೆ. ಕೊತ್ತಂಬರಿ ಟೆಂಪೋ ತಗೊಂಡು ರಟ್ಟೀಹಳ್ಳಿಗೆ ಹೊರಟ ದಾದಾಪೀರನ ಕೈಯಲ್ಲಿ ಈ ಕಾಗದ.

ನಿನ್ನ ತಂಗಿ,
ಶೈಲಶ್ರೀ

ತಾ.ಕ.: ದಾದಾಪೀರ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆಯಲ್ಲಿ ಕೈಗೆ ಗಟ್ಟಿಯಾಗಿ ಹತ್ತುವುದು ಗುಡಿಯ ದೊಡ್ಡ ಬಾಗಿಲ ಕೀಲಿ. ಇನ್ನೊಂದು ಕೀಲಿ ಇಲ್ಲ. ಬೆಳಿಗ್ಗೆ ಪೂಜಾರಿಯ ಕಣ್ಣು ತಪ್ಪಿಸಿ ನಾನೇ ಬೀಗ ಹಾಕಿ ತಂದೆ. ದೇವರಿಗೆ ಇಂದು ನೀರೂ ಬಿದ್ದಿಲ್ಲ. ಪೂಜಾರಿ ಪರಮೇಶ್ವರಪ್ಪನವರೇ ಕಳೆದರೆಂದು ನಮ್ಮ ಮನೆಯವರು ಊರ ಮುಂದೆ ಬೈದರು, ಮುದುಕರು ಅತ್ತರು. ನಾನೂ ಸೆರಗು ಸಿಕ್ಕಿಸಿ ಅವರ ಜೊತೆ ಹುಡುಕಿದೆ. ಭಾನುವಾರ ನೀನೇ ತಗೊಂಡು ಬಾ, ಯಾರ ಕೈಯಲ್ಲೂ ಕಳಿಸಬೇಡ. ಸೋಮವಾರ ಬೀಗ ಒಡೆಯುತ್ತಾರಂತೆ. ಒಡೆದರೆ ಶ್ವೇತಾಳ ಪಕ್ಕದಲ್ಲಿ ನಾನೂ ಕೂರುತ್ತೇನೆ.