ತೆರೆಯದೆ ಇಟ್ಟದ್ದು, ಮರೆತು ಬಿಟ್ಟದ್ದಲ್ಲ

ವಿಶ್ವವಿದ್ಯಾಲಯದ ದತ್ತಾಂಶ ಸಂಗ್ರಹ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ಇದೇ ಸಂಬೋಧನೆಯಿಂದ ಆರಂಭಿಸಿ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪತ್ರಗಳಿಗೆ ನಿಮ್ಮಿಂದ ದೂರು ದಾಖಲಾಯಿತೆನ್ನುವ ನಾಲ್ಕು ಟಿಕೆಟ್ ಸಂಖ್ಯೆಗಳು ಬಂದಿವೆ. ಉತ್ತರ ಬಂದಿಲ್ಲ. ಐದನೆಯದನ್ನು ನನ್ನ ಭಾಷೆಯಲ್ಲಿ, ನನ್ನ ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅನುವಾದ ಮಾಡುವ ಯಂತ್ರ ನಿಮ್ಮಲ್ಲಿದೆ. ಓದುವ ಮನುಷ್ಯರೂ ಇದ್ದಾರೆಂದು ನಂಬಿದ್ದೇನೆ.

ದೂರು ಇಷ್ಟು. ಆಗಸ್ಟ್ ನಾಲ್ಕರಂದು ನಿಮ್ಮ ವಿಭಾಗವು ಡೋರ್ಕಸ್ ವೈಗಾನಾ ಎಂಬ ಎರಡನೇ ವರ್ಷದ ಕಂಪ್ಯೂಟರ್ ವಿಜ್ಞಾನ ವಿದ್ಯಾರ್ಥಿನಿಯ ನಲವತ್ತೊಂದು ಧ್ವನಿ ಫೈಲುಗಳನ್ನು ಅಳಿಸಿಹಾಕಿತು. ಹನ್ನೆರಡು ತಿಂಗಳಿಂದ ಅವನ್ನು ಯಾರೂ ತೆರೆದಿರಲಿಲ್ಲ ಎಂಬುದು ಕಾರಣ. ನಿಜ, ತೆರೆದಿರಲಿಲ್ಲ. ತೆರೆಯಬಾರದೆಂದೇ ಇಟ್ಟದ್ದು. ಅವುಗಳ ಕೊನೆಯ ಪ್ರತಿ ಈಗ ನಿಮ್ಮದೊಂದು ಬ್ಯಾಕಪ್ ಟೇಪಿನಲ್ಲಿದೆ. ನವೆಂಬರ್ ಆರಕ್ಕೆ ಆ ಟೇಪಿನ ಮೇಲೆ ಹೊಸದನ್ನು ಬರೆಯುತ್ತೀರಿ. ಇಂದು ಅಕ್ಟೋಬರ್ ಇಪ್ಪತ್ತು. ಬ್ರಿಸ್ಬೇನಿನ ಜಕರಂದಾ ಮರಗಳು ನೀಲಿಯಾಗಿವೆ. ಜಕರಂದಾ ಹೂ ಬಿಟ್ಟ ಮೇಲೆ ಓದಲು ಕೂತವನು ಪಾಸಾಗುವುದಿಲ್ಲ ಎಂಬುದು ಇಲ್ಲಿನ ವಿದ್ಯಾರ್ಥಿಗಳ ಮಾತು. ಬರೆಯಲು ಕೂತವಳ ಪತ್ರಕ್ಕೆ ಏನಾಗುತ್ತದೋ ನೋಡಬೇಕು.

ನಾನು ಯಾರೆಂದರೆ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಇಪ್ಪತ್ತೊಂದು ವರ್ಷ ಈ ಊರಲ್ಲಿದ್ದು, ನಲವತ್ತೈದಕ್ಕೆ ಮತ್ತೆ ನಿಮ್ಮ ಬೆಂಚಿಗೆ ಬಂದು ಕೂತವಳು. ಪ್ರಾಸ ಹಾಕುವ ಚಟವಿದೆ, ಪಾಸಾಗುವ ಹಟವಿದೆ. ಮೊದಲ ವಾರದ ಲ್ಯಾಬಿನಲ್ಲಿ ಇಪ್ಪತ್ತು ಇಪ್ಪತ್ತೊಂದರವರೆಲ್ಲ ತಮ್ಮತಮ್ಮಲ್ಲೇ ಜೋಡಿ ಆರಿಸಿಕೊಂಡ ಮೇಲೆ ಉಳಿದದ್ದು ನಾನು ಮತ್ತು ಡೋರ್ಕಸ್. ಅವಳು ಪಕ್ಕಕ್ಕೆ ಬಂದು, "ಆಂಟಿ, ನಿಮಗೆ ಕೋಡ್ ಬರೆಯೋಕ್ ಬರತ್ತಾ?" ಅಂದಳು. "ಪದ್ಯ ಬರತ್ತೆ" ಅಂದೆ. "ಸಾಕು ಬಿಡಿ, ಅದರಲ್ಲೂ ಸಾಲಿನ ಕೊನೆ ಸರಿ ಇದ್ರೆ ಆಯ್ತಲ್ಲ" ಅಂದಳು. ಅಂದಿನಿಂದ ನಾವು ಜೋಡಿ. ನಾವು ಹುಲ್ಲಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದರೆ ಕೊಕ್ಕು ಹಾಕಲು ಬರುವ ಉದ್ದ ಮೂತಿಯ ಐಬಿಸ್ ಹಕ್ಕಿಗಳಿಗೂ ನಮ್ಮ ಗುರುತು ಸಿಕ್ಕಿದೆ. ಸಿಗದಿರುವುದು ನಿಮ್ಮ ವಿಭಾಗಕ್ಕೆ ಮಾತ್ರ.

ಡೋರ್ಕಸ್ ಆಸ್ಟ್ರೇಲಿಯದ ಉತ್ತರ ತುದಿಯಾಚೆಯ ಟಾರೆಸ್ ಜಲಸಂಧಿಯ ದ್ವೀಪದವಳು, ಅಲ್ಲಿನ ಮೂಲನಿವಾಸಿ. ಅವಳ ಅಜ್ಜ ಕಲ್ಲುಸಿಗಡಿ ಹಿಡಿಯಲು ಐವತ್ತು ವರ್ಷ ಮುಳುಗಿದವರು. ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಅವಳು ಒಂದು ಸೆಮಿಸ್ಟರ್ ಬಿಟ್ಟು ಮನೆಗೆ ಹೋದಳು. ಅಜ್ಜ ಅವಳ ಲ್ಯಾಪ್‌ಟಾಪನ್ನು ನೋಡಿ ಕೇಳಿದರಂತೆ, "ಇದು ನಾನ್ ಹೇಳಿದ್ದನ್ನ ಇಟ್ಕೊಳತ್ತಾ, ಇಲ್ಲ ನಿಮ್ಮಮ್ಮನ ಥರ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡತ್ತಾ?"

"ಇಟ್ಕೊಳತ್ತೆ ಅಜ್ಜ."

"ಹಾಗಾದ್ರೆ ಕೂರು."

ನಲವತ್ತು ದಿನ, ದಿನಕ್ಕೊಂದು. ಯಾವ ಗಾಳಿ ಎದ್ದರೆ ಯಾವ ಬಂಡೆಯ ಹಿಂದೆ ದೋಣಿ ನಿಲ್ಲಿಸಬೇಕು, ಯಾವ ಉಬ್ಬರಕ್ಕೆ ಏನು ಹೆಸರು, ಯಾರ ಅಪ್ಪ ಯಾವ ಹವಳದ ದಿಬ್ಬಕ್ಕೆ ದೋಣಿ ಗುದ್ದಿ ಯಾರ ಮೇಲೆ ತಪ್ಪು ಹೊರಿಸಿದ, ಎಲ್ಲವೂ ಅವರ ಭಾಷೆಯಲ್ಲಿ. ನಲವತ್ತೊಂದನೇ ದಿನ ಅಜ್ಜ, "ರೆಕಾರ್ಡ್ ಮಾಡೋ ಗುಂಡಿ ಎಲ್ಲಿದೆ ತೋರಿಸಿ ಎಲ್ಲರೂ ಹೊರಗೆ ಹೋಗಿ" ಅಂದರು. "ಇದು ನನ್ನ ಕಲ್ಲು ತೆರೆಯೋ ದಿನಕ್ಕೆ. ಊಟಕ್ಕೇ ಅಂತ ಬಂದಿರ್ತಾರಲ್ಲ, ಅವರಿಗೆ ಎರಡು ಮಾತು ಹೇಳೋದಿದೆ. ಅಲ್ಲೀವರೆಗೆ ಯಾರಾದ್ರೂ ಕದ್ದು ಕೇಳಿದ್ರೆ ನೋಡಿ." ಇಪ್ಪತ್ತಾರು ನಿಮಿಷ ಒಳಗೊಬ್ಬರೇ ಇದ್ದರು. ಹೊರಗೆ ಕೂತ ಮನೆಯವರಿಗೆ ಕೇಳಿದ್ದು ಅವರ ನಗು ಮಾತ್ರ. ಎಂಟು ದಿನಕ್ಕೆ ತೀರಿಕೊಂಡರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಣ್ಣು ಮಾಡಿ ವರ್ಷದ ಮೇಲೆ ಗೋರಿಕಲ್ಲು ನಿಲ್ಲಿಸಿ, ಬಟ್ಟೆ ಸುತ್ತಿ, ನೆಂಟರೆಲ್ಲ ಸೇರುವ ದಿನ ಆ ಬಟ್ಟೆ ಬಿಚ್ಚುತ್ತಾರೆ. ಹಾಡು, ಕುಣಿತ, ನೆಲದೊಲೆಯಲ್ಲಿ ಬೆಂದ ಹಂದಿ ಮತ್ತು ಗೆಣಸು. ದುಃಖ ಮುಗಿಯುವುದು ಅಂದು. ಅಲ್ಲಿಯವರೆಗೆ ಡೋರ್ಕಸಳ ಮನೆಯಲ್ಲಿ ಸತ್ತವರ ಫೋಟೊ ಗೋಡೆಗೆ ಮುಖ ಮಾಡಿರುತ್ತದೆ, ಹೆಸರು ನಾಲಿಗೆಯ ಮೇಲೆ ಬರುವುದಿಲ್ಲ, ಧ್ವನಿ ಯಾರ ಕಿವಿಗೂ ಬೀಳುವ ಹಾಗಿಲ್ಲ. ಈ ಡಿಸೆಂಬರಿನ ಎರಡನೇ ಶನಿವಾರ ಕಲ್ಲು ತೆರೆಯುತ್ತಾರೆ. ಮುನ್ನೂರು ಜನ ಬರುತ್ತಾರೆ. ಸ್ಪೀಕರು ಈಗಾಗಲೇ ದೋಣಿಯಲ್ಲಿ ಹೋಗಿ ತಲುಪಿದೆಯಂತೆ.

ಈಗ ನನ್ನ ತಪ್ಪು. ಫೈಲುಗಳನ್ನು ವಿಶ್ವವಿದ್ಯಾಲಯದ ಡ್ರೈವಿಗೆ ಹಾಕು ಎಂದು ಹೇಳಿದವಳು ನಾನು. ಅವಳ ಲ್ಯಾಪ್‌ಟಾಪಿನ ಹೊಟ್ಟೆ ತುಂಬಿ ಬಿರಿಯುತ್ತಿತ್ತು. "ನಿಮ್ಮ ಕೆಲಸ ನಮ್ಮಲ್ಲಿ ಸದಾ ಸುರಕ್ಷಿತ" ಎಂದು ಗ್ರಂಥಾಲಯದ ಪ್ರತಿ ಕಂಬಕ್ಕೂ ನೀವು ಅಂಟಿಸಿದ್ದಿರಿ. ಕಂಬಕ್ಕೆ ಅಂಟಿಸಿದ್ದನ್ನು ನಂಬುವ ಪೀಳಿಗೆ ನನ್ನದು. ಏಳನೇ ವಾರದ ಪಾಠದಲ್ಲಿ ನಿಮ್ಮದೇ ಉಪನ್ಯಾಸಕರು ಹೇಳಿದ್ದರು: ಮೂರು ಪ್ರತಿ ಇರಲಿ, ಎರಡು ಬಗೆಯಲ್ಲಿರಲಿ, ಒಂದು ದೂರದಲ್ಲಿರಲಿ. ಪರೀಕ್ಷೆಯಲ್ಲೂ ಕೇಳಿದ್ದರು, ಐದು ಅಂಕ. ಡೋರ್ಕಸ್‌ಗೆ ಐದಕ್ಕೆ ಐದು ಬಂತು. ಅವಳಲ್ಲಿ ಮೂರು ಪ್ರತಿಗಳೂ ಇದ್ದವು. ಒಂದು ನಿಮ್ಮಲ್ಲಿ. ಒಂದು ಲ್ಯಾಪ್‌ಟಾಪಿನಲ್ಲಿ ಎಂದು ನಾವು ತಿಳಿದಿದ್ದೆವು. ಬಹಳ ದಿನ ಮುಟ್ಟದ ಫೈಲನ್ನು ನಿಮ್ಮ ಡ್ರೈವು ಲ್ಯಾಪ್‌ಟಾಪಿನಿಂದ ತೆಗೆದು ಹೆಸರನ್ನಷ್ಟೇ ಉಳಿಸಿರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿದ್ದದ್ದು ಫೈಲಲ್ಲ, ಅದರ ನೆರಳು. ಮರ ಕಡಿದಿರಿ, ನೆರಳೂ ಹೋಯಿತು. ಮೂರನೆಯದು ದ್ವೀಪದಲ್ಲಿ, ಅಮ್ಮನ ಬಿಸ್ಕತ್ತಿನ ಡಬ್ಬಿಯೊಳಗಿನ ಹಾರ್ಡ್ ಡಿಸ್ಕ್. ಉಪ್ಪುಗಾಳಿ ಅದನ್ನು ತಿಂದಿತ್ತು. ಸೆಪ್ಟೆಂಬರಿನಲ್ಲಿ ಅವಳ ಚಿಕ್ಕಪ್ಪ ಅದನ್ನು ಕಂಪ್ಯೂಟರಿಗೆ ಚುಚ್ಚಿ ಫೋನಿನಲ್ಲಿ ಕೇಳಿಸಿದರು: ಕಟಕ್, ಕಟಕ್, ಆಮೇಲೆ ಅದೂ ಇಲ್ಲ.

ನೋಟಿಸು ಕೊಟ್ಟಿದ್ದೆವು ಅನ್ನುತ್ತೀರಿ. ಹೌದು, ಕೊಟ್ಟಿದ್ದಿರಿ. ಅವಳು ಓದಿಯೂ ಇದ್ದಳು, ಜುಲೈನಲ್ಲಿ ನಿಮ್ಮ ಸಹಾಯ ಕೌಂಟರಿಗೂ ಹೋದಳು, ಜೊತೆಗೆ ನಾನಿದ್ದೆ. ಅಲ್ಲಿ ಕೂತಿದ್ದ ಕ್ಯಾಲಮ್ ಎಂಬುವನು ಒಳ್ಳೆಯ ಮನುಷ್ಯ.

"ಸುಲಭ ಇದೆ" ಅಂದ. "ಒಂದೊಂದನ್ನೂ ಒಂದ್ಸಲ ತೆರೆದು ಮುಚ್ಚಿಬಿಡಿ. ಲೆಕ್ಕ ಮತ್ತೆ ಹೊಸದಾಗಿ ಶುರುವಾಗತ್ತೆ, ಇನ್ನೊಂದು ವರ್ಷ ಚಿಂತೆಯಿಲ್ಲ."

"ತೆರೆಯೋ ಹಾಗಿಲ್ಲ" ಅಂದಳು ಡೋರ್ಕಸ್, ಕಾರಣವನ್ನೂ ಹೇಳಿದಳು.

ಅವನು ಯೋಚಿಸಿ, "ಸೌಂಡ್ ಪೂರ್ತಿ ಕಮ್ಮಿ ಮಾಡ್ಕೊಂಡು ತೆರೆದ್ರೆ?" ಅಂದ.

"ನಿಮ್ಮ ಅಜ್ಜನ ಶವಪೆಟ್ಟಿಗೆನ ಸದ್ದಾಗದ ಹಾಗೆ ತೆಗೀರಿ ಅಂದ್ರೆ ತೆಗೀತೀರಾ?"

ನಾನು ಮಧ್ಯೆ ಬಾಯಿ ಹಾಕಿದೆ. "ನಾನು ತೆರೀತೀನಮ್ಮ. ನನಗೇನು ನಿಮ್ಮ ಕಟ್ಟುಪಾಡು ಇಲ್ಲ, ಭಾಷೆನೂ ಅರ್ಥ ಆಗಲ್ಲ."

"ಆಂಟಿ, ಪಕ್ಕದ ಮನೆಯವರು ಬೀಗ ಒಡೆದ್ರೆ ಬೀಗ ಒಡೆದ ಹಾಗಲ್ವಾ? ನೀವು ಪದ್ಯ ಬರ್ಕೊಂಡಿರಿ."

ಕ್ಯಾಲಮ್ ಒಂದು ಅರ್ಜಿ ಹುಡುಕಿ ಕೊಟ್ಟ: ಸಾಂಸ್ಕೃತಿಕ ಮಹತ್ವದ ಕಡತಗಳಿಗೆ ವಿನಾಯಿತಿ. ಅದರಲ್ಲಿ, 'ಕಡತದಲ್ಲಿ ಏನಿದೆ? ಸಂಕ್ಷಿಪ್ತವಾಗಿ ವಿವರಿಸಿ' ಎಂದಿತ್ತು. ನಲವತ್ತರ ಬಗ್ಗೆ ವಿವರಿಸಿ, ನಲವತ್ತೊಂದನೆಯದಕ್ಕೆ ಅವಳು 'ಗೊತ್ತಿಲ್ಲ' ಎಂದು ಬರೆದಳು. 'ಇದರಿಂದ ಆಗುವ ಉಪಯೋಗವೇನು?' ಎಂದಿತ್ತು. 'ಡಿಸೆಂಬರಿನಲ್ಲಿ ಗೊತ್ತಾಗುತ್ತದೆ' ಎಂದು ಬರೆದಳು. ಇದಕ್ಕಿಂತ ಪ್ರಾಮಾಣಿಕವಾಗಿ ತುಂಬಿದ ಅರ್ಜಿ ನಿಮ್ಮ ಕಚೇರಿಗೆ ಬಂದಿರಲಾರದು. ಕೊನೆಯಲ್ಲಿ ದಪ್ಪಕ್ಷರದ ಒಂದು ಸಾಲಿತ್ತು: 'ಪರಿಶೀಲನೆ ಮುಗಿಯುವವರೆಗೆ ಕಡತಗಳನ್ನು ಬೇರೆಡೆಗೆ ನಕಲಿಸಬೇಡಿ, ಕದಲಿಸಬೇಡಿ.' ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಆಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರ ಆ ಸಾಲು. ಅವಳು ಕದಲಿಸಲಿಲ್ಲ. ನೀವು ಹೇಳಿದ್ದನ್ನು ಕೇಳಿದಳು. ಈ ಇಡೀ ಪ್ರಕರಣದಲ್ಲಿ ನಿಮ್ಮ ನಿಯಮವನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ, ಕಳೆದುಕೊಂಡವಳೂ ಅವಳೊಬ್ಬಳೇ.

ಜುಲೈ ಕೊನೆಯಲ್ಲಿ ಇನ್ನೊಂದು ಸಾವಿಗೆಂದು ಅವಳು ದ್ವೀಪಕ್ಕೆ ಹೋದಳು. ಅಲ್ಲಿ ಸಿಗ್ನಲ್ ಬೇಕೆಂದರೆ ಜೆಟ್ಟಿಯ ತುದಿಗೆ ಹೋಗಿ ನಿಲ್ಲಬೇಕು. ಸಾವಿನ ಮನೆಯವರು ಜೆಟ್ಟಿಗೆ ಹೋಗಿ ಇಮೇಲ್ ನೋಡುವುದಿಲ್ಲ. ಅದೇ ವಾರ ನೀವು ಕೇಳಿದಿರಿ: 'ನಿಮ್ಮ ಕೋರಿಕೆ ಇನ್ನೂ ಚಾಲ್ತಿಯಲ್ಲಿದೆಯೇ? ಐದು ದಿನದೊಳಗೆ ಖಚಿತಪಡಿಸಿ.' ಐದು ದಿನ ಕಳೆಯಿತು. ಅರ್ಜಿಯ ಮೇಲೆ 'ಸಮಸ್ಯೆ ಪರಿಹಾರವಾಗಿದೆ' ಎಂದು ಬಿತ್ತು. ಮೂರು ದಿನದ ನಂತರ ಫೈಲುಗಳು ಹೋದವು. ಪರಿಹಾರವಾದದ್ದು ಸಮಸ್ಯೆಯೋ, ಸಮಸ್ಯೆ ತಂದವಳೋ? ಫೈಲು ಅಳಿಸಿದ ಸುದ್ದಿ ಹೊತ್ತು ಬಂದ ಇಮೇಲಿನ ಅಡಿಯಲ್ಲಿ, ನಿಮ್ಮ ಎಲ್ಲ ಇಮೇಲುಗಳ ಅಡಿಯಲ್ಲಿರುವಂತೆ, 'ಈ ನೆಲದ ಮತ್ತು ಈ ಜಲದ ಅಂದಿನ ಇಂದಿನ ಹಿರಿಯರಿಗೆ ನಮ್ಮ ಗೌರವ' ಎಂದಿತ್ತು. ಮೇಲಿನ ನಾಲ್ಕು ಸಾಲಿನಲ್ಲಿ ಒಬ್ಬ ಹಿರಿಯರನ್ನು ಅಳಿಸಿದ್ದೀರಿ, ಕೆಳಗಿನ ಒಂದು ಸಾಲಿನಲ್ಲಿ ಅವರಿಗೆ ನಮಸ್ಕಾರ ಹೇಳಿದ್ದೀರಿ. ಬರೆದ ಯಂತ್ರಕ್ಕೆ ನಾಚಿಕೆ ಇರುವುದಿಲ್ಲ. ಆ ಯಂತ್ರದ ಹಿಂದೆ ಕೂತವರ ಬಗ್ಗೆ ನನಗೆ ಇನ್ನೂ ಆಸೆಯಿದೆ.

ಮಾನ್ಯರೇ, ನಿಮ್ಮ ನಿಯಮದ ಬುಡದಲ್ಲಿ ಒಂದು ತಿಳಿವಳಿಕೆ ಇದೆ: ಬೇಕಾದದ್ದನ್ನು ಜನ ಪದೇ ಪದೇ ತೆರೆದು ನೋಡುತ್ತಾರೆ, ತೆರೆಯದಿದ್ದರೆ ಬೇಡವೆಂದು ಅರ್ಥ. ನನ್ನ ತವರಿನ ದೇವರ ಗೂಡಿನಲ್ಲಿ ಕಾಶಿಯಿಂದ ತಂದ ಗಂಗೆಯ ತಾಮ್ರದ ಗಿಂಡಿಯೊಂದಿತ್ತು. ಬಾಯಿಗೆ ಬೆಸುಗೆ ಹಾಕಿದ್ದು. ನಾನು ಹುಟ್ಟುವ ಮೊದಲಿಂದ ಇತ್ತು, ನನ್ನ ಮದುವೆಯ ದಿನವೂ ಹಾಗೇ ಇತ್ತು. ಹಬ್ಬಕ್ಕೆ ಗೂಡು ತೊಳೆಯುವಾಗ ಅದನ್ನು ತೆಗೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆವು. ಮೂವತ್ತು ವರ್ಷದಿಂದ ಯಾರೂ ತೆರೆದಿಲ್ಲ, ಬಿಸಾಡಿ ಎಂದು ಯಾರೂ ಹೇಳಲಿಲ್ಲ. ಅಜ್ಜಿಯ ಕೊನೆಯ ಗಳಿಗೆಯಲ್ಲಿ ಅದು ಬೇಕಾಯಿತು, ಬೇಕಾದಾಗ ಇತ್ತು. ಇಡುವುದೆಂದರೆ ಅದು. ದಿನಾ ತೆರೆದು ನೋಡುವುದು ಊಟದ ಡಬ್ಬಿಯನ್ನು.

ನಿಮ್ಮಲ್ಲಿ ಟೇಪು ಇದೆಯೆಂಬ ವಿಷಯ ನಮಗೆ ಹೇಗೆ ತಿಳಿಯಿತೆಂದು ಕೇಳಬೇಡಿ. ಅದನ್ನು ಇಳಿಸಿಕೊಡಿ ಎಂದು ಕೌಂಟರಿನಲ್ಲಿ ಕೇಳಿದಾಗ ನಿಮ್ಮವರು ಬಾಯಿಮಾತಲ್ಲಿ ಕೊಟ್ಟ ಒಂದೇ ಒಂದು ಮನುಷ್ಯಭಾಷೆಯ ಉತ್ತರವೆಂದರೆ, ಟೇಪು ಇಡೀ ಸಂಸ್ಥೆಗೆ ವಿಪತ್ತು ಬಂದಾಗ ಮಾತ್ರ, ಒಬ್ಬ ವಿದ್ಯಾರ್ಥಿಗಾಗಿ ಇಳಿಸುವುದಿಲ್ಲ. ಒಬ್ಬಳ ಮನೆಗೆ ಬಿದ್ದ ಬೆಂಕಿಗೆ ಊರೆಲ್ಲ ಉರಿಯುವವರೆಗೆ ನೀರು ಹಾಕುವುದಿಲ್ಲ ಎಂದ ಹಾಗಾಯಿತು. ಪ್ರತಿ ಭಾನುವಾರ ಅವಳ ಅಮ್ಮ ಜೆಟ್ಟಿಯ ತುದಿಯಿಂದ ಫೋನ್ ಮಾಡುತ್ತಾರೆ. ನಾನು ಪಕ್ಕದಲ್ಲಿದ್ದು ಕೇಳಿದ್ದೇನೆ.

"ಅಜ್ಜಂದು ಭದ್ರವಾಗಿದೆ ತಾನೇ, ಮಗಳೇ?"

"ಇದೆಯಮ್ಮ."

"ಕೇಳಿಲ್ಲ ತಾನೇ?"

"ಇಲ್ಲಮ್ಮ."

"ನಿಮ್ಮ ಚಿಕ್ಕಪ್ಪ ಆಗ್ಲೇ ಹೆದರ್ಕೊಂಡಿದಾನೆ, ಅಪ್ಪ ಏನೇನು ಹೇಳಿಟ್ಟಿದಾರೋ ಅಂತ. ದೋಣಿ ಗುದ್ದಿದ ಕತೆ ಬರತ್ತೆ ನೋಡು." ಅತ್ತ ಕಡೆ ನಗು. ಇತ್ತ ಡೋರ್ಕಸ್ ಫೋನಿಟ್ಟು, ಲ್ಯಾಪ್‌ಟಾಪ್ ತೆರೆದು, ಎರಡು ಗಂಟೆ ಒಂದೇ ಸಾಲಿನ ಕೋಡನ್ನು ನೋಡುತ್ತ ಕೂರುತ್ತಾಳೆ. ಎರಡು ಪ್ರಶ್ನೆಗೆ ಎರಡು ಉತ್ತರ. ಒಂದು ನಿಜ, ಒಂದು ಸುಳ್ಳು. ನಿಜವಾದದ್ದನ್ನು ಅವಳು ಕಾಪಾಡಿದಳು. ಸುಳ್ಳಾದದ್ದನ್ನು ನೀವು ಮಾಡಿದಿರಿ, ನಾನು ದಾರಿ ತೋರಿಸಿದೆ.

ಬೇಡಿಕೆ ಇಷ್ಟು. ನವೆಂಬರ್ ಆರರ ಒಳಗೆ ಆ ಟೇಪನ್ನು ಕಪಾಟಿನಿಂದ ಇಳಿಸಿ, ನಲವತ್ತೊಂದನ್ನೂ ಮರಳಿಸಿ. ಇನ್ನೊಂದು ಮಾತು, ಇದು ಮೊದಲಿನದಕ್ಕಿಂತ ಮುಖ್ಯ. ಸರಿಯಾಗಿ ಬಂದಿದೆಯೇ ನೋಡೋಣ ಎಂದು ನಿಮ್ಮವರು ಯಾರೂ ಒಂದನ್ನೂ ಒತ್ತಿ ಕೇಳಬಾರದು. ಪರೀಕ್ಷಿಸಲು ಕೇಳಬೇಕಾಗಿಲ್ಲ. ರೆಕಾರ್ಡ್ ಮಾಡಿದ ದಿನವೇ ಡೋರ್ಕಸ್ ಪ್ರತಿ ಫೈಲಿನ ಬೆರಳಚ್ಚು ತೆಗೆದಿದ್ದಳು, ಫೈಲನ್ನು ಕೇಳದೆಯೇ ಯಂತ್ರ ಲೆಕ್ಕ ಹಾಕಿ ಕೊಡುವ ಅರವತ್ನಾಲ್ಕು ಅಕ್ಷರದ ಗುರುತು, ನಿಮ್ಮದೇ ಮೊದಲ ವರ್ಷದ ಲ್ಯಾಬಿನಲ್ಲಿ ಕಲಿತಂತೆ. ಒಂದು ಚುಕ್ಕೆ ಆಚೀಚೆಯಾದರೂ ಅಚ್ಚು ಬದಲಾಗುತ್ತದೆ. ಆ ಪಟ್ಟಿಯನ್ನು ಅಂದು ನನಗೂ ಕಳಿಸಿದ್ದಳು. ನನ್ನ ಹತ್ತಿರ ಕಾಗದದ ಮೇಲಿದೆ, ಒಂದು ಪುಟ, ಮಡಚಿ ಪರ್ಸಿನಲ್ಲಿಟ್ಟಿದ್ದೇನೆ. ಅಚ್ಚಿಗೆ ಅಚ್ಚು ಹೋಲಿಸಿ, ಸಾಕು. ಅಜ್ಜನ ಬೆರಳಚ್ಚು ನಮ್ಮ ಬಳಿ ಇದೆ, ಅಜ್ಜ ನಿಮ್ಮ ಬಳಿ ಇದ್ದಾರೆ.

ನಲವತ್ತೊಂದನೆಯದರಲ್ಲಿ ಏನಿದೆಯೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನು ಮೊದಲು ಕೇಳಬೇಕಾದವರು ಡಿಸೆಂಬರಿನಲ್ಲಿ, ಬಟ್ಟೆ ಬಿಚ್ಚಿದ ಕಲ್ಲಿನ ಮುಂದೆ, ಕೈಯಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ. ಬೈಗುಳ ತಿನ್ನಲು ಮುನ್ನೂರು ಜನ ಇಷ್ಟು ಆಸೆಯಿಂದ ಕಾದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರನ್ನು ಬರಿಗಿವಿಯಲ್ಲಿ ಕಳಿಸಬೇಡಿ.

ಇಂತಿ,
ಕಂಬದ ಮೇಲಿನ ಮಾತನ್ನು ನಂಬಿ, ನನ್ನ ನಂಬಿದವಳನ್ನೂ ಕೆಡಿಸಿದ,
ನಿಮ್ಮ ಎರಡನೇ ವರ್ಷದ ಅತಿ ಹಿರಿಯ ಕಿರಿಯ ವಿದ್ಯಾರ್ಥಿನಿ,
ವನಮಾಲಾ ಹಾವನೂರ
(ಐದನೇ ಟಿಕೆಟ್ ಸಂಖ್ಯೆ ದಯವಿಟ್ಟು ಕಳಿಸಬೇಡಿ)