ಬಳಕೆ: ಅತಿ ವಿರಳ

ಫೆಬ್ರವರಿ ೬, ಮಧ್ಯಾಹ್ನ

ನಲವತ್ತೆರಡು ಹೆಸರು ಮುಗಿಯಿತು. ಒಂದೊಂದಕ್ಕೂ ಮೂರು ಸಾಲು — ಮೂಲ, ಅರ್ಥ, ಬಳಕೆ. ಮಕ್ಕಳ ಹೆಸರಿನ ಪುಸ್ತಕದ ಹೊಸ ಆವೃತ್ತಿ ಮುಂದಿನ ತಿಂಗಳು ಪ್ರೆಸ್ಸಿಗೆ ಹೋಗಬೇಕು. ಯಜಮಾನರು ಮೇಜಿನ ಹತ್ತಿರ ಬಂದರು. "ಈ ಸಲದ ಕಳ್ಳ ಹೆಸರು ಹಾಕಿದ್ರಾ?" ಪ್ರತಿ ಆವೃತ್ತಿಯಲ್ಲೂ ಒಂದು ಸುಳ್ಳು ಹೆಸರು ಹುಟ್ಟಿಸಿ ಸೇರಿಸುತ್ತೇವೆ. ಯಾರಾದರೂ ನಮ್ಮ ಪುಸ್ತಕ ಕದ್ದು ಅಚ್ಚು ಹಾಕಿದರೆ ಅದರಿಂದಲೇ ಸಿಕ್ಕಿಬೀಳುತ್ತಾರೆ. "ಇನ್ನೂ ಇಲ್ಲ ಸಾರ್" ಎಂದೆ. ಆ ಕೆಲಸವನ್ನು ಪ್ರತಿ ಸಲ ಕೊನೆಯ ದಿನಕ್ಕೆ ತಳ್ಳುತ್ತೇನೆ.

ಸಂಜೆ ಆಸ್ಪತ್ರೆ. ಮಗಳ ಜೊತೆಗಿರುವ ಅಕ್ಕನಿಗೆ ಬದಲಿ ಬಟ್ಟೆ ಒಯ್ಯಬೇಕು.

ಫೆಬ್ರವರಿ ೭

ಅಕ್ಕನ ಮಗಳಿಗೆ ಒಂಬತ್ತು ವರ್ಷ. ವಾರ್ಡಿಗೆ ಸೇರಿಸಿ ತಿಂಗಳಾಯಿತು. ನಿನ್ನೆ ಇದ್ದಕ್ಕಿದ್ದಂತೆ, "ಚಿಕ್ಕಮ್ಮಾ, ನನ್ನ ಹೆಸರಿನವರು ಬೇರೆ ಯಾರಾದ್ರೂ ಇದ್ದಾರಾ?" ಪಕ್ಕದ ಮಂಚದವಳ ಹೆಸರಿನವರೇ ವಾರ್ಡಿನಲ್ಲಿ ಮೂವರಂತೆ. ನರ್ಸಮ್ಮ ಒಬ್ಬಳನ್ನು ಕರೆದರೆ ಮೂವರೂ ಎದ್ದು ಕೂರುತ್ತಾರಂತೆ. "ನಂಗೆ ಮಾತ್ರ ಯಾರೂ ಇಲ್ಲ. ನಿನ್ನ ಆಫೀಸಲ್ಲಿ ನೋಡಿ ಹುಡುಕಿಕೊಡು."

ಅಕ್ಕ ನಕ್ಕಳು. "ನಿನ್ನ ಚಿಕ್ಕಮ್ಮಂಗೆ ಅದೆಷ್ಟು ಹೊತ್ತಿನ ಕೆಲ್ಸ!"

ನಾನು ಒಯ್ದಿದ್ದ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿಟ್ಟೆ.

ಫೆಬ್ರವರಿ ೯

ಯಾರಿಗೂ ಹೇಳದ್ದನ್ನು ಇಲ್ಲಾದರೂ ಬರೆಯುತ್ತೇನೆ. ಮಗುವಿನ ಹೆಸರು ನಾನು ಹುಟ್ಟಿಸಿದ್ದು. ಕೆಲಸಕ್ಕೆ ಸೇರಿದ ವರ್ಷದ ಕಳ್ಳ ಹೆಸರು. ಗೋಂದಿನ ಬಾಟಲಿಯ ಮೇಲಿದ್ದ ಅಕ್ಷರಗಳನ್ನು ಹಿಂದೆಮುಂದೆ ಮಾಡಿ ಜೋಡಿಸಿದ್ದು. ಮೂಲ: ಪ್ರಾಚೀನ. ಅರ್ಥ: ಕಾದವರ ಮನೆಗೆ ಬಂದೇ ಬರುವವಳು. ಬಳಕೆ: ಅತಿ ವಿರಳ. ಕಾಫಿ ಆರುವುದರೊಳಗೆ ಮುಗಿಸಿದ್ದೆ. ಜಂಬ ಬೇರೆ!

ಅಕ್ಕ ಹನ್ನೊಂದು ವರ್ಷ ಕಾದು ಹೆತ್ತವಳು. ಪುಸ್ತಕ ಕೊಟ್ಟವಳು ನಾನೇ. ಹೆಸರು ನೋಂದಾಯಿಸಿ ಬಂದ ಮೇಲೆ ಫೋನ್ ಮಾಡಿದಳು. "ಆ ಅರ್ಥ ಓದಿ ಅತ್ತುಬಿಟ್ಟೆ ಕಣೇ." ಆಗ ಹೇಳಬೇಕಿತ್ತು. ಆಗ ಹೇಳದವಳು ಇನ್ನು ಯಾವಾಗ...

ಫೆಬ್ರವರಿ ೧೫

ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದರು. ಔಷಧ ಹಿಡಿಯುತ್ತಿಲ್ಲ. ಭಾವ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ಅಕ್ಕ ಮಾತ್ರ, "ಆ ಹೆಸರು ಸುಮ್ನೆ ಇಟ್ಟಿದೀವಾ? ಮನೆಗೆ ಬಂದೇ ಬರ್ತಾಳೆ." ನನ್ನ ಮುಖ ನೋಡಿಯೇ ಹೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ಪಾಪಿ ನಾನು.

ಮಗು ಮತ್ತೆ ಕೇಳಿತು. "ಸಿಕ್ಕಿದ್ಲು" ಎಂದುಬಿಟ್ಟೆ.

ಫೆಬ್ರವರಿ ೧೮

ಸುಳ್ಳಿಗೆ ಕೈಕಾಲು ಮೂಡಿವೆ. ಅವಳಿಗೆ ಹನ್ನೊಂದು ವರ್ಷ. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಾರೆ. ಮಗು ಅವಳಿಗೆ ಪತ್ರ ಬರೆದು ನನ್ನ ಕೈಗೆ ಕೊಟ್ಟಿತು. "ನಿನ್ನ ಹೆಸರೂ ಎಲ್ರೂ ತಪ್ಪು ತಪ್ಪಾಗಿ ಹೇಳ್ತಾರಾ? ನಂಗೆ ಈಗ ಕೂದಲಿಲ್ಲ. ನಿಂಗಿದ್ಯಾ?"

ಗುರುತು ಸಿಗಬಾರದೆಂದು ಎಡಗೈಯಲ್ಲಿ ಉತ್ತರ ಬರೆದೆ. "ಇದೆ, ಎರಡು ಜಡೆ. ಈ ಹೆಸರಿನವಳು ನಾನೊಬ್ಬಳೇ ಅಂದ್ಕೊಂಡಿದ್ದೆ." ಮಗು ಅದನ್ನು ನರ್ಸಮ್ಮನಿಗೆ, ನೆಲ ಒರೆಸುವಾಕೆಗೆ, ಪಕ್ಕದ ಮಂಚದವಳಿಗೆ, ಎಲ್ಲರಿಗೂ ತೋರಿಸಿತು. ಅವತ್ತು ಅನ್ನವನ್ನೂ ಉಂಡಿತು.

ಫೆಬ್ರವರಿ ೨೩

ಮೂರನೇ ಪತ್ರ. ಪೆನ್ಸಿಲ್ ಹಿಡಿಯಲಾಗದೆ ಮಗು ಅಕ್ಕನ ಕೈಯಲ್ಲಿ ಬರೆಸಿತು. "ವಾಸಿಯಾದ್ಮೇಲೆ ನಿಮ್ಮನೆಗೆ ಬರ್ತೀನಿ. ಗಡಿಯಾರ ಎಲ್ಲ ತೋರಿಸ್ತೀಯಾ?" ಉತ್ತರ ಬರೆಯಲು ಕೂತೆ. ಆಗಲಿಲ್ಲ. ನಾಳೆ ನೋಡೋಣ.

ಮಾರ್ಚ್ ೧೧

ಎಲ್ಲ ಮುಗಿಯಿತು. ಫೆಬ್ರವರಿ ಇಪ್ಪತ್ತಾರಕ್ಕೆ, ಬೆಳಗ್ಗೆ ಹತ್ತೂಕಾಲು. ಕೊನೆಗೂ ಮಗು, ಉತ್ತರ ಬಂತಾ ಎಂದು ಕೇಳಿತಂತೆ. ನಾಳೆ ಬರುತ್ತೆ ಎಂದಳಂತೆ ಅಕ್ಕ. ಆ ಹೊತ್ತಿಗೆ ನಾನು ಆಫೀಸಿನಲ್ಲಿ ಕೂತು ಇನ್ಯಾರದೋ ಮಕ್ಕಳಿಗೆ ಅರ್ಥ ಬರೆಯುತ್ತಿದ್ದೆ.

ಇನ್ನು ಕಳ್ಳ ಹೆಸರು ನನ್ನಿಂದಾಗದು ಎಂದು ಯಜಮಾನರಿಗೆ ಹೇಳಿದೆ. "ಅದಕ್ಯಾಕೆ ಕಣ್ಣೀರು? ಹಳೇದೇ ಯಾವುದಾದ್ರೂ ಇರ್ಲಿ ಬಿಡಿ" ಎಂದರು.

ಮಾರ್ಚ್ ೧೬, ಬೆಳಗ್ಗೆ ೮

ಅಕ್ಕ ಬಂದಿದ್ದಾಳೆ. ಹದಿನೆಂಟು ದಿನದ ಮೇಲೆ ಇವತ್ತು ತಲೆ ಬಾಚಿಕೊಂಡಿದ್ದಾಳೆ. ಕೈಯಲ್ಲಿ ಚೀಲ. ಚೀಲದಲ್ಲಿ ಮಗು ಒಮ್ಮೆಯೂ ತೊಡದ ಫ್ರಾಕು, ನಾನು ಎಡಗೈಯಲ್ಲಿ ಬರೆದ ಪತ್ರಗಳು. "ಆ ಹುಡುಗಿ ಹತ್ರ ಕರ್ಕೊಂಡು ಹೋಗು" ಎಂದಳು. "ಅವಳಿಗೆ ಏನೂ ಹೇಳಲ್ಲ ಕಣೇ. ಅಳೋದೂ ಇಲ್ಲ. ಬಾಗಿಲಲ್ಲೇ ನಿಂತು ಒಂದ್ಸಲ ಹೆಸರು ಹಿಡಿದು ಕರೀತೀನಿ. ಅವಳು 'ಓ' ಅಂದ್ರೆ ಸಾಕು, ವಾಪಸ್ ಬಂದ್ಬಿಡೋಣ."

ಸೀರೆ ಬದಲಿಸಿ ಬರುತ್ತೇನೆಂದು ಒಳಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ. ಒಂಬತ್ತಕ್ಕೆ ಬಸ್ಸಿದೆ ಎಂದು ನಾನೇ ಯಾವತ್ತೋ ಹೇಳಿದ್ದೆನಂತೆ. ಬಾಗಿಲು ಬಡಿಯುತ್ತಿದ್ದಾಳೆ. "ಆಯ್ತೇನೇ? ಸೀಟು ಸಿಗಲ್ಲ ಆಮೇಲೆ."

ಹೇಳಬೇಕು. ಬಾಗಿಲು ತೆಗೆದು, ಮೊದಲು ಅಕ್ಕನನ್ನು ಕೂರಿಸಿ, ಆಮೇಲೆ —