ಸೀಟಿಯಿಲ್ಲದ ಮೈದಾನ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ನಮ್ಮ ಹುಡುಗಿಯರು ವಾಲಿಬಾಲ್ ಫೈನಲ್ ಸೋತದ್ದಕ್ಕೆ ಕಾರಣ ಬರೆದುಕೊಡಿ ಎಂದಿದ್ದೀರಿ. ಕಪ್ ಇಡಲು ನಿಮ್ಮ ಕೋಣೆಯ ಕಪಾಟಿನಲ್ಲಿ ಜಾಗ ಮಾಡಿಸಿದ್ದಿರೆಂದೂ ಬಲ್ಲೆ.

ಅಭ್ಯಾಸದಲ್ಲಿ ನಾನು ಸೀಟಿ ಊದುವುದಿಲ್ಲ. ತಪ್ಪು ಯಾರದೋ ಅವರೇ ಕೈ ಎತ್ತಬೇಕು. ಮೊದಮೊದಲು ಇದಕ್ಕೆ ರಂಪ ಮಾಡಿದವಳು ಎಲ್ಲರೂ ಬೆಂಕಿಪೊಟ್ಟಣ ಎಂದು ಕರೆಯುವ ಆ ಹುಡುಗಿ. ಚೆಂಡು ಮೂಗಿಗೇ ಬಡಿದರೂ "ನಂಗೆ ತಾಗೇ ಇಲ್ಲ ಮಿಸ್" ಅನ್ನುತ್ತಿದ್ದಳು.

ಫೈನಲ್‌ನಲ್ಲಿ ಇನ್ನೊಂದೇ ಪಾಯಿಂಟ್ ಸಿಕ್ಕಿದ್ದರೆ ಕಪ್ ನಮ್ಮದಾಗುತ್ತಿತ್ತು. ಎದುರಿನವರು ಹೊಡೆದ ಚೆಂಡು ಗೆರೆಯಾಚೆ ಬಿತ್ತು. ಅಂಪೈರ್ ಪಾಯಿಂಟ್ ನಮಗೆ ಕೊಟ್ಟರು. ಹುಡುಗಿಯರು ಕುಣಿದರು, ನಾನೂ ಕುಣಿದೆ. ಬಲೆಯ ಬಳಿ ಬೆಂಕಿಪೊಟ್ಟಣ ಮಾತ್ರ ಕೈ ಎತ್ತಿ ನಿಂತಿದ್ದಳು.

"ತಾಗಿದ್ದು ನಾನು ನೋಡ್ಲಿಲ್ಲಮ್ಮ," ಎಂದರು ಅಂಪೈರ್.

"ನೀವ್ಯಾಕೆ ನೋಡ್ಬೇಕು ಸಾರ್? ತಾಗಿದ್ದು ನನ್ನ ಬೆರಳಿಗೆ."

ನಮ್ಮವರ ಕೈಗೆ ತಾಗಿ ಹೊರಬಿದ್ದ ಚೆಂಡಿನ ಪಾಯಿಂಟ್ ಎದುರಿನವರದು; ಅಂಕ ಸಮವಾಯಿತು. ಮುಂದಿನ ಎರಡೂ ಪಾಯಿಂಟ್ ಅವರ ಪಾಲಾದವು. ಬಸ್ಸಿನಲ್ಲಿ ಅವಳನ್ನು ಯಾರೂ ಬೈಯಲಿಲ್ಲ. ಜಗಳವಾಡದೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಕಾರಣ ಇಷ್ಟೇ. ಕ್ಷಮಾಪಣೆಯೂ ಬೇಕಿದ್ದರೆ ಅದು ನನ್ನಿಂದಾಗದು.

ಕಪಾಟಿನ ಜಾಗ ಹಾಗೇ ಇರಲಿ. ಶನಿವಾರ ಬೆಳಿಗ್ಗೆ ಮೈದಾನದ ಗೇಟು ತೆಗೆಸಿಕೊಡಿ, ಎರಡು ತಂಡಕ್ಕೆ ಸಾಲುವಷ್ಟು ಕುಡಿಯುವ ನೀರೂ ಬೇಕು. ಕಪ್ ಗೆದ್ದ ಹುಡುಗಿಯರು ನಮ್ಮ ಜೊತೆ ಅಭ್ಯಾಸ ಮಾಡಬೇಕೆಂದು ಹಟ ಹಿಡಿದಿದ್ದಾರಂತೆ. ಅವರ ಮೇಷ್ಟ್ರಿಗೆ, ಸೀಟಿ ಮನೆಯಲ್ಲೇ ಬಿಟ್ಟು ಬನ್ನಿ ಎಂದಿದ್ದೇನೆ.

ಇಂತಿ,
ನಿಮ್ಮ ಶಾಲೆಯ ಆಟದ ಟೀಚರ್